ಪೋಲೊ: ಹುಲ್ಲು, ಗೊರಸು ಮತ್ತು ಬೆಡಗು

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಮೈಸೂರಿನ ಅರಸರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರಿಗೆ ಪೋಲೊ ಆಟದಲ್ಲೂ ಒಲವಿತ್ತು. ರಾಜರ ಆಟವೆಂದೇ ನಾವು ಇದನ್ನು ಬಲ್ಲೆವು. ಆದರೆ ಇಂಗ್ಲಿಷರು ಇದನ್ನು ಕಲಿತದ್ದು ಮಣಿಪುರದಲ್ಲಿ. ಅಲ್ಲಿ ಗಿಡ್ಡ ಕುದುರೆಗಳ ಮೇಲೆ ಊರ ಜನರೂ ಆಡುತ್ತಿದ್ದರು. 1859ರಲ್ಲಿ ಅಸ್ಸಾಮಿನ ಸಿಲ್ಚಾರಿನಲ್ಲಿ ಬ್ರಿಟಿಷರು ಕ್ಲಬ್ ಕಟ್ಟಿದರು. 1870ರ ದಶಕದಲ್ಲಿ ಲಂಡನ್ನಿನ ಹರ್ಲಿಂಗ್‌ಹ್ಯಾಮ್ ಕ್ಲಬ್ ನಿಯಮ ರೂಪಿಸಿತು. ಅಲ್ಲಿಂದ ಇಂಗ್ಲೆಂಡಿನ ಬೇಸಿಗೆಯ ಪಂದ್ಯವೆಂದರೆ ಸಿರಿವಂತರ ಜಾತ್ರೆ: ಅಗಲ ಹ್ಯಾಟುಗಳು, ರೇಷ್ಮೆ ಉಡುಪು, ಷಾಂಪೇನ್.

ಬಿಡುವಿನಲ್ಲಿ ಪ್ರೇಕ್ಷಕರೇ ಮೈದಾನಕ್ಕಿಳಿದು, ಕಿತ್ತೆದ್ದ ಹುಲ್ಲುಗಟ್ಟಿಗಳನ್ನು ತುಳಿದು ಕೂರಿಸುತ್ತಾರೆ. ನೋಡಲು ಬರೀ ವಯ್ಯಾರ! ಕಾರಣ ಮಾತ್ರ ನೀವು ಭೌತಶಾಸ್ತ್ರದಲ್ಲಿ ಓದಿದ ಒತ್ತಡವೇ. ಓಡುವ ಕುದುರೆಯ ಭಾರವೆಲ್ಲ ಚಿಕ್ಕ ಗೊರಸಿನ ಮೇಲೆ ಬಿದ್ದು ನೆಲ ಕಿತ್ತುಬರುತ್ತದೆ. ಆ ಗುಂಡಿಯಲ್ಲಿ ಇನ್ನೊಂದು ಕುದುರೆ ಮುಗ್ಗರಿಸಿದರೆ ಸವಾರನ ಪ್ರಾಣಕ್ಕೇ ಸಂಚಕಾರ. ಮೈದಾನವೋ 300 ಗಜ ಉದ್ದ, 200 ಗಜದವರೆಗೂ ಅಗಲ. ನಮ್ಮ ಗದ್ದೆ ಲೆಕ್ಕದಲ್ಲಿ 12 ಎಕರೆ! ಸುಮಾರು ಏಳು ನಿಮಿಷದ ಸುತ್ತು ಮುಗಿದೊಡನೆ ಕುದುರೆ ಬದಲಾಗಬೇಕು. ಹಾಗಾಗಿ ಒಬ್ಬ ಆಟಗಾರನಿಗೆ ಹಲವು ಕುದುರೆ, ಲಾಯ, ಆಳುಕಾಳು.

1933ರಲ್ಲಿ ಜಯಪುರದ ಮಹಾರಾಜ ಮಾನ್‌ಸಿಂಗರ ತಂಡ ಇಂಗ್ಲೆಂಡಿಗೇ ಹೋಗಿ ಅಲ್ಲಿನ ದೊಡ್ಡ ಕಪ್‌ಗಳನ್ನು ಗೆದ್ದಿತು. ಕುದುರೆಗಳೂ ಹಡಗಿನಲ್ಲೇ ಹೋದವು. ಆ ಹಡಗಿನ ಬಾಡಿಗೆ ಮಣಿಪುರದ ಹಳ್ಳಿಯ ಆಟಗಾರನಿಗೆ ಎಲ್ಲಿಂದ ಬರಬೇಕು?