ಬೆಳಕೂ ವಾಸನೆಯೂ ಒಂದೇ ಬತ್ತಿಯಲ್ಲಿ

ಕಳೆದ ವೈಶಾಖದಲ್ಲಿ ಬಬಲೇಶ್ವರದ ಗೆಳೆಯರೊಬ್ಬರು ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆ ಕಳಿಸಿದರು. ನಮ್ಮ ಕಡೆ ಇಂಥ ಕಾರ್ಯಕ್ಕೆ ಬರಿಗೈಯಲ್ಲಿ ಹೋಗುವ ವಾಡಿಕೆಯಿಲ್ಲ, ಆಯೇರಿ ಒಯ್ಯಲೇಬೇಕು. ಏನನ್ನು ಒಯ್ಯಬೇಕೆಂಬ ಪ್ರಶ್ನೆಗೆ ಹಿಂದೆ ಉತ್ತರ ಸುಲಭವಾಗಿತ್ತು. ಮನೆಯೊಡತಿಗೆ ಗುಳೇದಗುಡ್ಡದ ಖಣ, ಯಜಮಾನನಿಗೆ ಟೋಪಿ ಟವೆಲು. ತುಸು ಅನುಕೂಲವುಳ್ಳವರಾದರೆ ಹಿತ್ತಾಳೆಯ ಸಮೆ. ಈಗ ಅವುಗಳ ಜಾಗದಲ್ಲಿ ಗೋಡೆಗಡಿಯಾರ ಬಂದು ಕುಳಿತಿದೆ. ನಾನು ಬಲ್ಲ ಮನೆಯೊಂದಕ್ಕೆ ಒಂದೇ ದಿನ ಏಳು ಗಡಿಯಾರ ಬಂದವು. ಏಳೂ ಏಳು ಹೊತ್ತು ತೋರಿಸುತ್ತಿದ್ದವೆಂದು ಮನೆಯ ಯಜಮಾನರೇ ಹೇಳಿ ನಕ್ಕರು.

ಸುವಾಸನೆಯ ಮೇಣಬತ್ತಿ ಒಯ್ಯೋಣವೆಂದು ಸೂಚಿಸಿದವಳು ನನ್ನ ಮಗಳು. ಅವಳ ತಾಯಿ ಅದನ್ನು ಅಲ್ಲಿಯೇ ತಳ್ಳಿಹಾಕಿದಳು: “ಮೇಣಬತ್ತಿ ಹಚ್ಚೂದು ಕರೆಂಟ ಹೋದಾಗ, ಇಲ್ಲಾ ಯಾರರೆ ಸತ್ತಾಗ ಮೆರವಣಿಗ್ಯಾಗ. ಹೊಸಾ ಮನಿಗೆ ಅದನ್ನ ಒಯ್ತಾರೇನು?” ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನನ್ನ ಮನಸ್ಸು ಮಗಳ ಕಡೆಗೇ ವಾಲಿತು, ಅದಕ್ಕೊಂದು ಕಾರಣವಿತ್ತು. ಗೆಳೆಯರ ತಾಯಿಗೆ ಎಂಬತ್ತು ದಾಟಿದೆ. ಕಣ್ಣು ಹೋಗಿ ಹತ್ತು ವರ್ಷವಾಯಿತು. ಹಳೆಯ ಮಾಳಿಗೆಮನೆಯಲ್ಲಿ ಆಕೆ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದರು. ದನದ ಕೊಟ್ಟಿಗೆ, ಒಲೆ, ಜೋಳದ ಹಗೇವು, ನೀರಿನ ಮೂಲೆ, ಎಲ್ಲವೂ ಅವರಿಗೆ ವಾಸನೆಯಿಂದಲೇ ಗೊತ್ತು. ಹೊಸ ಮನೆಗೆ ಮೊದಲೊಮ್ಮೆ ಕರೆದೊಯ್ದಾಗ, “ಬರೇ ಬಣ್ಣದ ವಾಸನಿ, ದಿಕ್ಕ ತಿಳೀವಲ್ದು” ಎಂದು ಬಾಗಿಲಲ್ಲಿಯೇ ಕುಳಿತುಬಿಟ್ಟರಂತೆ. ಗೆಳೆಯರು ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿ ಮೆತ್ತಗಾಗಿತ್ತು.

ಮೇಣಬತ್ತಿ ಪರದೇಶದ್ದು, ನಮ್ಮದಲ್ಲ ಎಂಬ ಆಕ್ಷೇಪವನ್ನು ಕನ್ನಡ ಪಾಠ ಹೇಳುವ ನನ್ನಂಥವನು ಮೊದಲು ಮಾತುಗಳಲ್ಲಿ ಪರೀಕ್ಷಿಸಿ ನೋಡುವುದು ಸಹಜ. ದೇವರ ಮುಂದೆ ನಿತ್ಯ ಹಚ್ಚುವ ಊದಬತ್ತಿಯನ್ನೇ ತೆಗೆದುಕೊಳ್ಳಿರಿ. ಇದರ ‘ಊದು’ ನಾವು ಬಾಯಿಂದ ಊದುವ ಊದಲ್ಲ. ಅರಬ್ಬಿಯ ‘ಊದ್’, ಎಂದರೆ ಅಗರು ಮರ. ‘ಬತ್ತಿ’ ಸಂಸ್ಕೃತದ ವರ್ತಿ. ಅತ್ತರ, ಲೋಬಾನ ಎರಡೂ ಅರಬ್ಬಿಯವು. ಮೊಂಬತ್ತಿಯ ‘ಮೊಂ’ ಪಾರಸಿಯ ಮೇಣ. ವಾಸನೆಯ ವಿಷಯದಲ್ಲಿ ನಮ್ಮ ದೇವರಕೋಣೆ ಬಲು ಹಿಂದೆಯೇ ಪರವೂರಿನ ನೆಂಟಸ್ತಿಕೆ ಮಾಡಿಕೊಂಡಿದೆ.

ಮನೆಗೂ ವಾಸನೆಗೂ ಇರುವ ನಂಟು ಅದಕ್ಕಿಂತ ಹಳೆಯದು. 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದನು. ಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಬೇರೆ, ಇವನೇ ಬೇರೆ. ಮನೆ ಕಟ್ಟುವ ವಾಸ್ತು, ನೀರಿನ ಸೆಲೆ ಕಂಡುಹಿಡಿಯುವ ಬಗೆ, ಗಿಡಗಳ ಆರೈಕೆ, ಅಡುಗೆ, ಇವುಗಳ ಸಾಲಿನಲ್ಲಿಯೇ ಸುಗಂಧ ತಯಾರಿಕೆಗೂ ಅವನು ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಬಾಳುವೆಗೆ ಬೇಕಾದವುಗಳಲ್ಲಿ ವಾಸನೆಯೂ ಒಂದು ಎಂಬುದು ಅವನ ಎಣಿಕೆ. ಅವನಿಗೂ ಹಿಂದೆ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ವಾಸ್ತುವನ್ನೂ ಗಂಧಯುಕ್ತಿಯನ್ನೂ ಹೇಳಿ, ಹದಿನಾರು ದ್ರವ್ಯಗಳಲ್ಲಿ ನಾಲ್ಕನ್ನು ಆಯ್ದರೆ 1820 ಕೂಟಗಳಾಗುತ್ತವೆಂದು ಲೆಕ್ಕ ಕಟ್ಟಿದ್ದನು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಂತೂ ಗಂಧ ಒಂದು ಭೋಗ, ಧೂಪ ಮತ್ತೊಂದು ಭೋಗ, ಧೂಪವನ್ನು ಬತ್ತಿಯಾಗಿ ಹೊಸೆಯುವ ಪದ್ಧತಿಯೂ ಆ ಹೊತ್ತಿಗೆ ಬಂದಿತ್ತು.

ಬಬಲೇಶ್ವರಕ್ಕೆ ನೇರ ದಾರಿಯಿದೆ. ಆದರೆ ತಿಕೋಟಾದಲ್ಲಿ ಇನ್ನೊಬ್ಬ ಗೆಳೆಯರನ್ನು ಜತೆಗೂಡಿಸಿಕೊಳ್ಳಬೇಕಾಗಿತ್ತಾಗಿ ನಾವು ಪಡುವಣ ದಾರಿಯನ್ನು ಹಿಡಿದೆವು. ಸುವಾಸನೆಯ ವಿಚಾರ ತಲೆಯಲ್ಲಿಟ್ಟುಕೊಂಡು ಆ ದಾರಿಯಲ್ಲಿ ಹೋಗುವವನಿಗೆ ತೊರವಿಯ ಬಳಿ ಗಾಡಿ ನಿಲ್ಲಿಸದೆ ಮನಸ್ಸು ಕೇಳುವುದಿಲ್ಲ. ಕುಮಾರವಾಲ್ಮೀಕಿಯ ತೊರವೆ ಇದೇ; ಇಬ್ರಾಹಿಂ ಆದಿಲಶಾಹನ ನವರಸಪುರವೂ ಇಲ್ಲಿಯೇ.

ಇಬ್ಬರು ಇಬ್ರಾಹಿಮರಲ್ಲಿ ಎರಡನೆಯವನು, 1580ರಿಂದ 1627ರವರೆಗೆ ಆಳಿದವನು, ‘ಜಗದ್ಗುರು’ ಎನಿಸಿಕೊಂಡವನು. ಸರಸ್ವತಿಯನ್ನು ನೆನೆದು ದಖನಿಯಲ್ಲಿ ‘ಕಿತಾಬೆ ನವರಸ’ದ ಹಾಡುಗಳನ್ನು ಕಟ್ಟಿದನು, 1599ರಲ್ಲಿ ಇಲ್ಲಿ ಹೊಸ ರಾಜಧಾನಿಗೆ ಕೈಹಾಕಿದನು. ನವರಸ ಎಂಬ ಮಾತಿನ ಮೇಲೆ ಅವನಿಗೆ ಎಷ್ಟು ಮೋಹವೆಂದರೆ ಊರಿಗೂ ಅದೇ ಹೆಸರು, ಪುಸ್ತಕಕ್ಕೂ ಅದೇ. ಅವನ ಹೆಸರಿನಲ್ಲಿ ಪಾರಸಿಯಲ್ಲಿ ಹುಟ್ಟಿದ ಸುಗಂಧಗ್ರಂಥಕ್ಕೂ ‘ಇತ್ರೆ ನವರಸಶಾಹಿ’ ಎಂದೇ ಹೆಸರಾಯಿತು. ದಖನಿನ ತೋಟಗಳನ್ನೂ ಪರಿಮಳವನ್ನೂ ಕುರಿತು ಅಲಿ ಅಕ್ಬರ್ ಹುಸೇನ್ ಅವರು 2000ದಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಪುಸ್ತಕದಿಂದ ಈ ಗ್ರಂಥ ಹೊರಗಿನ ಓದುಗರಿಗೆ ಪರಿಚಯವಾಯಿತು. ನಮ್ಮ ಊರಿನ ಗ್ರಂಥ ನಮ್ಮ ಮಾತಿನಲ್ಲಿ ನಮ್ಮ ಮಕ್ಕಳ ಕೈಗೆ ಬರಲಿಲ್ಲವೆಂಬುದು ನನ್ನ ಹಳೆಯ ಕೊರಗು. ಮೈಗೆ ಪೂಸುವುದಷ್ಟೇ ಅಲ್ಲ, ಕೋಣೆಗೆ ವಾಸನೆ ಕಟ್ಟುವುದೂ ಆ ಕಾಲಕ್ಕೆ ಕಲಿಯಬೇಕಾದ ವಿದ್ಯೆಯಾಗಿತ್ತು.

ಈ ವಿದ್ಯೆ ಅರಮನೆಯ ಗೋಡೆಯೊಳಗೇ ಉಳಿದಿತ್ತೆನ್ನಲಾಗದು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಇಲ್ಲಿಗೆ ಬಂದ ಅಸದ್ ಬೇಗನು, ತನ್ನ ಬಿಡಾರದ ಮುಂದೆ ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಪೇಟೆಯಿತ್ತೆಂದೂ ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರವಿತ್ತೆಂದೂ ಬರೆದಿದ್ದಾನೆ. ಅಲ್ಲಿ ತುಂಬಿದ್ದ ಸರಕುಗಳನ್ನು ಹೇಳುವಾಗ ರತ್ನಗಳ ಜತೆಗೆ ಸುಗಂಧಗಳನ್ನೂ ಎಣಿಸುತ್ತಾನೆ. ಇದೇ ಮಹಾಶಯನು ವಿಜಯಪುರದಲ್ಲಿ ಕೊಂಡ ಹೊಗೆಸೊಪ್ಪನ್ನು ಅಕ್ಬರನಿಗೆ ಒಪ್ಪಿಸಿದನು. ಮೊಗಲ ದರಬಾರಿಗೆ ನಾವು ಕಳಿಸಿದ ವಾಸನೆ ಅದೊಂದೇ ಆಗಿ ಜನರ ನೆನಪಿನಲ್ಲಿ ಉಳಿದದ್ದು ನಮ್ಮ ಪಾಲಿನ ದುರ್ದೈವ. ಅದೇ ದರಬಾರಿನಲ್ಲಿ ಸಂಜೆಯಾಗುತ್ತಲೇ ಬೆಳ್ಳಿ ಬಂಗಾರದ ಕಂಬಗಳ ಮೇಲೆ ಹನ್ನೆರಡು ಕರ್ಪೂರದ ಮೇಣಬತ್ತಿಗಳನ್ನು ಹಚ್ಚುತ್ತಿದ್ದರೆಂದು ‘ಐನೆ ಅಕಬರಿ’ ಹೇಳುತ್ತದೆ. ಬೆಳಕನ್ನೂ ವಾಸನೆಯನ್ನೂ ಒಂದೇ ಬತ್ತಿಗೆ ಒಪ್ಪಿಸುವುದು ನಿನ್ನೆ ಮೊನ್ನೆಯ ಶೋಕಿಯಲ್ಲ.

ನವರಸಪುರ ಬಹುಕಾಲ ಬಾಳಲಿಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ದೊಡ್ಡ ಕಮಾನು ನಿಂತಿದೆ. ಅದರ ಕೆಳಗೆ ನಿಂತು ಉಸಿರೆಳೆದರೆ ಒಣಹುಲ್ಲು, ಕಾದ ಕಲ್ಲು, ಇಷ್ಟೇ.

ಹಾಗಾದರೆ ಮೇಣಬತ್ತಿಗೆ ಸೂತಕದ ಬಣ್ಣ ಬಂದದ್ದೆಲ್ಲಿಂದ? ನನ್ನ ಊಹೆ ಹೀಗಿದೆ: ಜೇನುಮೇಣದ ಬತ್ತಿ ಶ್ರೀಮಂತರದು, ಅಗ್ಗದ್ದೆಂದರೆ ದನದ ಕೊಬ್ಬಿನದು. ಅದು ನಮ್ಮ ಮನೆಗಳ ಹೊಸ್ತಿಲು ದಾಟುವಂತಿರಲಿಲ್ಲ. ನಮಗೆ ಕುಸುಬೆಯ ಎಣ್ಣೆಯೂ ಔಡಲದ ಎಣ್ಣೆಯೂ ಇದ್ದವು. ಫ್ರಾನ್ಸಿನ ಶೆವ್ರೋಲ್ ಮತ್ತು ಗೇ ಲ್ಯೂಸಾಕ್ 1825ರಲ್ಲಿ ಕೊಬ್ಬನ್ನು ಸೋಸಿ ಸ್ಟಿಯರಿನ್ ಬತ್ತಿಗೆ ಹಕ್ಕುಪತ್ರ ಪಡೆದರು. 1850ರಲ್ಲಿ ಜೇಮ್ಸ್ ಯಂಗ್ ಪ್ಯಾರಫಿನ್ನಿನ ದಾರಿ ತೆರೆದನು. 1901ರಲ್ಲಿ ಆರಂಭವಾದ ಅಸ್ಸಾಮಿನ ದಿಗ್ಬೋಯಿ ಶುದ್ಧೀಕರಣಾಗಾರದಿಂದ ನಮ್ಮ ದೇಶದಲ್ಲಿಯೇ ಮೇಣ ಹೊರಬಂತು. ಹೀಗೆ ಬಂದ ಬಿಳಿಯ ಬತ್ತಿ ನಮ್ಮ ಮನೆಯಲ್ಲಿ ದೇವರ ಮುಂದೆ ಕೂಡಲಿಲ್ಲ, ಊಟಕ್ಕೆ ಕೂಡಲಿಲ್ಲ. ಕತ್ತಲೆಯ ಹೊತ್ತಿಗೆ ಕರೆಯುವ ಆಳಾಯಿತು. ಮೇಲಾಗಿ ಅದನ್ನು ಬಾಯಿಂದ ಊದಿ ಆರಿಸುತ್ತಾರೆ. ದೀಪವನ್ನು ‘ಆರಿಸು’ ಎನ್ನಲೂ ಬಾಯಿ ಬಾರದೆ ‘ಶಾಂತ ಮಾಡು’ ಎನ್ನುವ ಜನಕ್ಕೆ ಇದು ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಹಿಂದಿನ ದಿನ ಅಂಗಡಿಯಲ್ಲಿ ನಾನು ನಡೆಸಿದ ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಮೊದಲು ವೆನಿಲ್ಲಾ, ಮನೆಗಿಂತ ಬೇಕರಿಗೆ ಒಪ್ಪುವಂಥದು. ಗುಲಾಬಿ, ಮದುವೆಮನೆ. ಮಲ್ಲಿಗೆ ಮುಚ್ಚಳ ತೆಗೆಯುವುದರೊಳಗೆ ತಲೆಗೇರಿತು. ಬಿಡಿಯಾದ ಬತ್ತಿಯನ್ನು ನಮ್ಮ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಒಯ್ದರೆ ಊರು ಮುಟ್ಟುವಷ್ಟರಲ್ಲಿ ನಮಸ್ಕಾರ ಮಾಡುವಂತೆ ಬಾಗಿರುತ್ತದೆ. ಗಾಜಿನ ಬಟ್ಟಲಿನದೇ ಆಗಬೇಕು. ವಾಸನೆ ಬರುವುದು ಉರಿಯಿಂದಲ್ಲ, ಉರಿಯ ಸುತ್ತ ಕರಗಿ ನಿಲ್ಲುವ ಮೇಣದಿಂದ. ಆದ್ದರಿಂದ ಮೊದಲ ಸಲ ಹಚ್ಚಿದಾಗ ಮೇಣ ಬಟ್ಟಲಿನ ಅಂಚಿನವರೆಗೆ ಕರಗುವ ತನಕ ಬಿಡಬೇಕು. ಬತ್ತಿಯ ತುದಿಯನ್ನು ಕಾಲಂಗುಲಕ್ಕೆ ಕತ್ತರಿಸಬೇಕು. ಇಷ್ಟನ್ನೆಲ್ಲ ತಾಳ್ಮೆಯಿಂದ ಹೇಳಿದ ಅಂಗಡಿಯ ಹುಡುಗ ಕೊನೆಗೆ ಲಾವಂಚದ್ದೊಂದನ್ನು ಮುಂದಿಟ್ಟ. ಬೇಸಿಗೆಯಲ್ಲಿ ಬಾಗಿಲಿಗೆ ತಟ್ಟಿ ಕಟ್ಟಿ ನೀರು ಚಿಮುಕಿಸಿದಂಥ ವಾಸನೆ. ಅದನ್ನೇ ಕಟ್ಟಿಸಿಕೊಂಡೆ. ಮುಚ್ಚಳವಿದ್ದದ್ದು ಇನ್ನೂ ಒಳ್ಳೆಯದಾಯಿತು.

ತಿಕೋಟಾದ ದ್ರಾಕ್ಷಿ ತೋಟಗಳನ್ನು ದಾಟಿ ಬಬಲೇಶ್ವರ ಸೇರುವಾಗ ಹೊತ್ತು ಇಳಿದಿತ್ತು. ಗೋಡೆಯ ಮೇಲೆ ಆಗಲೇ ಮೂರು ಗಡಿಯಾರ. ಒಳಕೋಣೆಯಲ್ಲಿ ಅಜ್ಜಿ ಹೊರಸಿನ ಮೇಲೆ ಗೋಡೆಗೊರಗಿ ಕುಳಿತಿದ್ದರು, ಮಾತಿಗೆ ಮಾತಿಲ್ಲ. ಗೆಳೆಯರ ಹೆಂಡತಿ ಬತ್ತಿಯನ್ನು ಕೋಣೆಯ ಮೂಲೆಯಲ್ಲಿ ಹಚ್ಚಿಟ್ಟರು. ಉಂಡು ಬಂದು ನೋಡುವಷ್ಟರಲ್ಲಿ ಮೇಣ ಕರಗಿ ವಾಸನೆ ಹರಡಿತ್ತು. ಅಜ್ಜಿ ಆ ಮೂಲೆಯ ಕಡೆಗೆ ಮುಖ ತಿರುಗಿಸಿ, “ರಂಜಣಿಗಿ ಅಲ್ಲಿಟ್ಟೀರೇನು? ನೀರಿಗೆ ಲಾವಂಚ ಯಾರು ಹಾಕಿದ್ರು?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮೊಮ್ಮಗ ಹೊರಡುವ ಹೊತ್ತಿಗೆ ಬತ್ತಿಯನ್ನು ಊದಲು ಬಾಗಿದ. ಅವನ ತಾಯಿ ಕೈ ಅಡ್ಡ ತಂದು ಮುಚ್ಚಳ ಮುಚ್ಚಿ ಶಾಂತ ಮಾಡಿದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ.

ಎರಡು ವಾರದ ಮೇಲೆ ಗೆಳೆಯರ ಫೋನು ಬಂತು. ಸಂತೆಯಲ್ಲಿ ಮಣ್ಣಿನ ರಂಜಣಿಗೆ ಕೊಂಡು, ಲಾವಂಚದ ಬೇರು ಹಾಕಿ ಅದೇ ಮೂಲೆಯಲ್ಲಿ ಇಟ್ಟಿದ್ದಾರಂತೆ. ತಾಯಿ ರಾತ್ರಿ ತಾವೇ ಎದ್ದು ಹೋಗಿ ನೀರು ಕುಡಿಯುತ್ತಾರೆ. ಮೇಣಬತ್ತಿ ಅರ್ಧ ಹಾಗೆಯೇ ಉಳಿದಿದೆ.