ಹಾಡಿನ ಹೆಸರು ಯಾರ ಸೊತ್ತು?

ಎಲ್ಲೋ ಒಂದು ಹಾಡು ಕೇಳಿಸುತ್ತದೆ. ಯಾರು ಹಾಡಿದ್ದು, ಯಾವ ಕಾಲದ್ದು ಗೊತ್ತಿಲ್ಲ. ಇಂದು ನಾವು ಮೊಬೈಲನ್ನು ಆ ಕಡೆ ಹಿಡಿಯುತ್ತೇವೆ. ಕೆಲವೇ ಸೆಕೆಂಡುಗಳಲ್ಲಿ ಹಾಡಿನ ಹೆಸರೂ ಹಾಡುಗಾರನ ಹೆಸರೂ ಪರದೆಯ ಮೇಲೆ ಮೂಡುತ್ತವೆ. ನಮ್ಮ ಪಾಲಿಗೆ ಇದೊಂದು ಸಣ್ಣ ಅನುಕೂಲ. ಆದರೆ ರಾತ್ರಿಯಿಡೀ ರೆಕಾರ್ಡ್ ಹಾಕಿ ಜನರನ್ನು ಕುಣಿಸುವ ಕ್ಲಬ್ಬಿನ ಡಿಜೆಗಳ ಪಾಲಿಗೆ, ಅರ್ಧ ಶತಮಾನದ ವೃತ್ತಿ ರಹಸ್ಯವೊಂದು ಬಯಲಾದ ಸಂಗತಿಯಿದು. ಕ್ಲಬ್ಬುಗಳ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಈ ಚರಿತ್ರೆಯಲ್ಲಿ ಎಲ್ಲರೂ ಯೋಚಿಸಬೇಕಾದ ಪ್ರಶ್ನೆಯೊಂದಿದೆ. ಹುಡುಕಿ ತಂದವನ ಶ್ರಮಕ್ಕೆ ಬೆಲೆ ಕೊಡಬೇಕೋ, ಸೃಷ್ಟಿಸಿದವನ ಹೆಸರಿಗೋ?

ಗೀಚಿ ಅಳಿಸಿದ ಲೇಬಲ್‌ಗಳು

ಈ ರಹಸ್ಯದ ಬೇರು ಹುಡುಕಲು ನಾವು 1950ರ ದಶಕದ ಜಮೈಕಾಕ್ಕೆ ಹೋಗಬೇಕು. ರಾಜಧಾನಿ ಕಿಂಗ್‌ಸ್ಟನ್ನಿನ ಬಡವರಿಗೆ ವಾದ್ಯವೃಂದದ ಕಾರ್ಯಕ್ರಮಗಳು ಕೈಗೆಟುಕುತ್ತಿರಲಿಲ್ಲ. ಅವರ ಮನರಂಜನೆ ‘ಸೌಂಡ್ ಸಿಸ್ಟಮ್’. ತೆರೆದ ಅಂಗಳದಲ್ಲಿ ದೈತ್ಯ ಸ್ಪೀಕರ್‌ಗಳನ್ನು ನಿಲ್ಲಿಸಿ ಅಮೆರಿಕದ ಕರಿಯರ ರಿದಮ್ ಅಂಡ್ ಬ್ಲೂಸ್ ರೆಕಾರ್ಡ್‌ಗಳನ್ನು ಹಾಕಲಾಗುತ್ತಿತ್ತು. ಕ್ಲೆಮೆಂಟ್ ‘ಕಾಕ್ಸನ್’ ಡಾಡ್ ಮತ್ತು ಡ್ಯೂಕ್ ರೀಡ್ ಇಬ್ಬರೂ ಈ ವ್ಯಾಪಾರದ ಬದ್ಧ ಪ್ರತಿಸ್ಪರ್ಧಿಗಳು. ಎದುರಾಳಿಯ ಬಳಿ ಇಲ್ಲದ ರೆಕಾರ್ಡ್ ಯಾರಲ್ಲಿದೆಯೋ ಜನ ಅವನ ಕಡೆಗೆ ಸಾಗುತ್ತಿದ್ದರು. ಆದ್ದರಿಂದ ಅಮೆರಿಕದಿಂದ ತಂದ ರೆಕಾರ್ಡಿನ ಲೇಬಲ್ಲನ್ನು ಗೀಚಿ ಅಳಿಸಿ, ಹೊಸ ಹೆಸರಿಡುವುದು ರೂಢಿಯಾಯಿತು.

ವಿಲ್ಲಿಸ್ ಜಾಕ್ಸನ್ ಎಂಬ ಅಮೆರಿಕನ್ ಸ್ಯಾಕ್ಸೊಫೋನ್ ವಾದಕರ ‘ಲೇಟರ್ ಫಾರ್ ದ ಗೇಟರ್’ ಎಂಬ ರೆಕಾರ್ಡ್ ಡಾಡ್ ಅವರ ಅಂಗಳದಲ್ಲಿ ‘ಕಾಕ್ಸನ್ ಹಾಪ್’ ಆಯಿತು. ಡ್ಯೂಕ್ ರೀಡ್ ಬಹುಕಾಲ ಹುಡುಕಿ, ಅದರ ನಿಜ ಹೆಸರು ಪತ್ತೆ ಹಚ್ಚಿ, ಡಾಡ್ ಎದುರೇ ಆ ರೆಕಾರ್ಡ್ ಹಾಕಿದಾಗ ಡಾಡ್ ಕುಸಿದುಬೀಳುವಂತಾದರು ಎಂಬ ಕತೆ ಜಮೈಕಾದ ಸಂಗೀತ ವಲಯದಲ್ಲಿ ಇಂದಿಗೂ ಪ್ರಚಲಿತ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಜಗಳದಲ್ಲಿ ಗೆದ್ದವರೂ ಸೋತವರೂ ಸೌಂಡ್ ಸಿಸ್ಟಮ್‌ನ ಧಣಿಗಳು. ಅದನ್ನು ನುಡಿಸಿದ ವಿಲ್ಲಿಸ್ ಜಾಕ್ಸನ್ ಹೆಸರು ಕುಣಿಯುವವರ ಕಿವಿಗೆ ಬೀಳಲೇ ಇಲ್ಲ.

1955ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ವಲಸೆ ಬಂದರು. ಹಿಪ್‌ಹಾಪ್ ಸಂಗೀತದ ಜನಕರೆಂದು ಹೆಸರಾದ ಡಿಜೆ ಕೂಲ್ ಹರ್ಕ್ ಇವರೇ. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂವಿನ ಒಂದು ವಸತಿ ಕಟ್ಟಡದಲ್ಲಿ ಅವರು ನಡೆಸಿದ ಕೂಟದಿಂದಲೇ ಹಿಪ್‌ಹಾಪ್‌ನ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಅವರೂ ತಂದೆಯ ಸಲಹೆಯಂತೆ ರೆಕಾರ್ಡ್‌ಗಳನ್ನು ನೀರಿನಲ್ಲಿ ನೆನೆಸಿ ಲೇಬಲ್ ಕಿತ್ತುಹಾಕುತ್ತಿದ್ದರು. ಹೀಗೆ ಜಮೈಕಾದ ರೂಢಿ ವಲಸಿಗರೊಂದಿಗೆ ಅಮೆರಿಕಕ್ಕೂ ಬಂತು.

ಎಡ್ಡಿ ಫಾಸ್ಟರ್ ಎಂಬ ಸುಳ್ಳು ಹೆಸರು

ಇದೇ ಹೊತ್ತಿಗೆ ಇಂಗ್ಲೆಂಡಿನ ಉತ್ತರ ಭಾಗದ ಕೈಗಾರಿಕಾ ಪಟ್ಟಣಗಳಲ್ಲಿ ‘ನಾರ್ದರ್ನ್ ಸೋಲ್’ ಎಂಬ ವಿಚಿತ್ರ ಗೀಳು ಹಬ್ಬಿತ್ತು. ಅಮೆರಿಕದ ಕರಿಯ ಗಾಯಕರು 1960ರ ದಶಕದಲ್ಲಿ ಹಾಡಿ, ಅಲ್ಲಿ ಮಾರಾಟವಾಗದೆ ಗೋದಾಮುಗಳಲ್ಲಿ ಕೊಳೆಯುತ್ತಿದ್ದ ಹಾಡುಗಳಿಗೆ ಇಲ್ಲಿನ ಬಿಳಿಯ ಕಾರ್ಮಿಕ ಯುವಕರು ಬೆಳಗಿನವರೆಗೂ ಕುಣಿಯುತ್ತಿದ್ದರು. 1973ರಿಂದ 1981ರವರೆಗೆ ನಡೆದ ‘ವಿಗನ್ ಕ್ಯಾಸಿನೊ’ ಇದರ ಪ್ರಸಿದ್ಧ ಕೇಂದ್ರ. ಹೆಸರು ಕ್ಯಾಸಿನೊ ಆದರೂ ಅದು ಜೂಜುಕಟ್ಟೆಯಲ್ಲ. ರಾತ್ರಿಯಿಡೀ ನಡೆಯುವ ಈ ಕೂಟಗಳಲ್ಲಿ ಮದ್ಯ ಮಾರುತ್ತಿರಲಿಲ್ಲ. ಜನ ಬರುತ್ತಿದ್ದುದು ಬೇರೆಲ್ಲೂ ಕೇಳಸಿಗದ ಹಾಡಿಗಾಗಿ.

ಅಲ್ಲಿ ಮೆರೆದ ಹಾಡುಗಳಲ್ಲಿ ಒಂದು ‘ಡು ಐ ಲವ್ ಯೂ’. ಹಾಡಿದವರು ಎಡ್ಡಿ ಫಾಸ್ಟರ್ ಎಂದು ಡಿಜೆಗಳು ಹೇಳುತ್ತಿದ್ದರು. ವಾಸ್ತವದಲ್ಲಿ ಅದನ್ನು ಹಾಡಿದ್ದು ಮೋಟೌನ್ ಕಂಪನಿಯ ಫ್ರಾಂಕ್ ವಿಲ್ಸನ್. 1965ರಲ್ಲಿ ಅಚ್ಚಾದ ಆ ರೆಕಾರ್ಡ್, ವಿಲ್ಸನ್ ಗಾಯಕನಾಗುವ ಬದಲು ನಿರ್ಮಾಪಕನಾಗಿಯೇ ಉಳಿದ ಕಾರಣ ಮಾರುಕಟ್ಟೆಗೆ ಬರಲಿಲ್ಲ. ಬಹುತೇಕ ಪ್ರತಿಗಳು ನಾಶವಾದವು. ಅಳಿದುಳಿದ ಕೆಲವೇ ಪ್ರತಿಗಳಲ್ಲಿ ಒಂದು 2009ರಲ್ಲಿ 25,742 ಪೌಂಡುಗಳಿಗೆ ಹರಾಜಾಯಿತು.

ಡಿಜೆಗಳ ವಾದವನ್ನೂ ನಾವು ಕೇಳಬೇಕು. ಧೂಳು ತಿನ್ನುತ್ತಿದ್ದ ರಾಶಿಗಳ ನಡುವೆ ತಿಂಗಳುಗಟ್ಟಲೆ ತಡಕಾಡಿ, ಕೈಯಿಂದ ಹಣ ಹಾಕಿ ಅವರು ಆ ಹಾಡುಗಳನ್ನು ತಂದಿದ್ದರು. ಹೆಸರು ಹೊರಬಿದ್ದರೆ ಮರುವಾರವೇ ಇನ್ನೊಬ್ಬ ಅದನ್ನು ಹಾಕುತ್ತಿದ್ದ, ನಕಲಿ ಪ್ರತಿಗಳನ್ನು ಅಚ್ಚುಹಾಕಿ ಮಾರುವವರೂ ಇದ್ದರು. ಹೊಟ್ಟೆಪಾಡಿಗೆ ಗುಟ್ಟು ಬೇಕಿತ್ತು. ಆದರೆ ಆ ಗುಟ್ಟಿನ ಬೆಲೆ ತೆತ್ತವರು ಯಾರು? ತಮ್ಮ ಹಾಡಿಗೆ ಸಾಗರದಾಚೆ ಸಾವಿರಾರು ಜನ ಕುಣಿಯುತ್ತಿದ್ದಾರೆಂದು ತಿಳಿಯದೆ ಬೇರೆ ಉದ್ಯೋಗ ಹಿಡಿದಿದ್ದ ಗಾಯಕರು.

2580 ಎಂಬ ಸಂಖ್ಯೆ

2002ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಶಜಾಮ್ ಸೇವೆ ಆರಂಭವಾಯಿತು. ಆಗ ಆ್ಯಪ್ ಇರಲಿಲ್ಲ. ಮೊಬೈಲಿನ ನಡುಸಾಲಿನ ಗುಂಡಿಗಳನ್ನು ಮೇಲಿಂದ ಕೆಳಗೆ ಒತ್ತಿದರೆ 2580. ಆ ಸಂಖ್ಯೆಗೆ ಕರೆ ಮಾಡಿ ಫೋನನ್ನು ಹಾಡಿನತ್ತ ಹಿಡಿಯಬೇಕು. ಅರ್ಧ ನಿಮಿಷದಲ್ಲಿ ಕರೆ ತಾನಾಗಿ ಕಡಿದು, ಹಾಡಿನ ಹೆಸರು ಎಸ್ಸೆಮ್ಮೆಸ್ ಆಗಿ ಬರುತ್ತಿತ್ತು.

ಇದರ ಗಣಿತ ರೂಪಿಸಿದವರು ಸಂಸ್ಥಾಪಕರಲ್ಲೊಬ್ಬರಾದ ಎವರಿ ವಾಂಗ್. 2003ರಲ್ಲಿ ಅವರು ಆ ವಿಧಾನವನ್ನು ಪ್ರಕಟಿಸಿದರು. ಯಂತ್ರವು ಹಾಡನ್ನು ಮನುಷ್ಯರಂತೆ ‘ಕೇಳುವುದಿಲ್ಲ’. ಯಾವ ಗಳಿಗೆಯಲ್ಲಿ ಯಾವ ಸ್ವರ ಎಲ್ಲಕ್ಕಿಂತ ಜೋರಾಗಿದೆ ಎಂಬ ಬಿಂದುಗಳನ್ನಷ್ಟೇ ಗುರುತಿಸಿಕೊಂಡು, ಎರಡೆರಡು ಬಿಂದುಗಳ ನಡುವಿನ ಅಂತರವನ್ನು ಸಂಖ್ಯೆಯಾಗಿಸುತ್ತದೆ. ಈ ಸಂಖ್ಯೆಗಳ ಸಾಲೇ ಹಾಡಿನ ಬೆರಳಚ್ಚು. ಸುತ್ತ ಎಷ್ಟೇ ಗದ್ದಲವಿದ್ದರೂ ಜೋರಾದ ಬಿಂದುಗಳು ಕೆಲವಾದರೂ ಉಳಿಯುತ್ತವೆ. ಗುರುತು ಹಿಡಿಯಲು ಅಷ್ಟು ಸಾಕು. 2008ರಲ್ಲಿ ಐಫೋನಿನ ಆ್ಯಪ್ ಆಗಿ ಬಂದ ಮೇಲೆ ಇದು ಜಗತ್ತಿನೆಲ್ಲೆಡೆ ಹರಡಿತು. 2018ರಲ್ಲಿ ಆ್ಯಪಲ್ ಕಂಪನಿ ಶಜಾಮನ್ನು ಕೊಂಡುಕೊಂಡಿತು.

ಕಳೆದದ್ದು ಮತ್ತು ದಕ್ಕಿದ್ದು

ಹಿಂದೆ ಡಿಜೆಯ ಮೇಜಿಗೆ ಬಾಗಿ, ತಿರುಗುವ ಲೇಬಲ್ ಓದಲು ಹೆಣಗುವ ಕುತೂಹಲಿಗಳು ಪ್ರತಿ ಕ್ಲಬ್ಬಿನಲ್ಲೂ ಇದ್ದರು. ಹೆಸರು ಸಿಗದಿದ್ದರೆ ಬಾಯಿಬಿಟ್ಟು ಕೇಳಬೇಕಿತ್ತು. ಹಾಗೆ ಕೇಳಲು ಹೋಗಿ ಗೆಳೆತನಗಳು ಬೆಳೆದದ್ದೂ ಉಂಟು. ಫೋನು ಈ ಮಾತುಕತೆಯನ್ನು ಅನಗತ್ಯಗೊಳಿಸಿತು. ಹೆಸರು ತಿಳಿದ ಕೂಡಲೇ ಅಂತರ್ಜಾಲದಲ್ಲಿ ಹಳೆಯ ರೆಕಾರ್ಡಿನ ಬೆಲೆ ಏರುತ್ತದೆ, ಹಾಡು ಎಲ್ಲರ ಪಟ್ಟಿಗೆ ಸೇರುತ್ತದೆ.

ಡಿಜೆಗಳು ಸುಮ್ಮನೆ ಕೂರಲಿಲ್ಲ. ಬಿಡುಗಡೆಯೇ ಆಗದ ಹಾಡು ಯಂತ್ರದ ಭಂಡಾರದಲ್ಲಿ ಇರುವುದಿಲ್ಲ. ಹಾಡನ್ನು ತಾವೇ ಕತ್ತರಿಸಿ ಜೋಡಿಸಿದರೆ, ವೇಗವನ್ನು ಸಾಕಷ್ಟು ಬದಲಿಸಿದರೆ ಬೆರಳಚ್ಚು ಹೊಂದುವುದಿಲ್ಲ. ಗೀಚಿದ ಲೇಬಲ್ಲಿನ ಹೊಸ ರೂಪವಿದು.

ಆದರೆ ಇನ್ನೊಂದು ಬದಿಯೂ ಇದೆ. ಕ್ಲಬ್ಬುಗಳು ಹಾಡುಗಳ ಬಳಕೆಗೆ ಶುಲ್ಕ ಕಟ್ಟುತ್ತವೆ. ಯಾವ ಹಾಡು ಹಾಕಲಾಯಿತೆಂಬ ಲೆಕ್ಕ ಇಲ್ಲದಾಗ ಆ ಹಣದ ದೊಡ್ಡ ಪಾಲು ರೇಡಿಯೊದಲ್ಲಿ ಮೆರೆಯುವ ಹೆಸರುವಾಸಿಗಳಿಗೇ ಸೇರುತ್ತಿತ್ತು. ಹಾಡು ಗುರುತಿಸುವ ಪೆಟ್ಟಿಗೆಗಳನ್ನು ಕ್ಲಬ್ಬಿನಲ್ಲೇ ಇರಿಸಿ, ಹಾಡು ಕಟ್ಟಿದವರಿಗೇ ಗೌರವಧನ ತಲುಪಿಸುವ ಪ್ರಯತ್ನಗಳು ಯುರೋಪಿನಲ್ಲಿ ನಡೆದಿವೆ. ಡಿಜೆಯ ಗುಟ್ಟನ್ನು ಬಯಲು ಮಾಡಿದ ತಂತ್ರಜ್ಞಾನವೇ ಹಾಡುಗಾರನ ಅನ್ನಕ್ಕೂ ದಾರಿಯಾಗಬಲ್ಲದು.

ಹಾಗೆಂದು ಯಂತ್ರವನ್ನು ನ್ಯಾಯಾಧೀಶನೆಂದು ಭಾವಿಸುವುದೂ ತಪ್ಪು. ಭಂಡಾರದಲ್ಲಿ ಯಾರ ಹೆಸರು ದಾಖಲಾಗಿದೆಯೋ ಅದನ್ನಷ್ಟೇ ಅದು ಹೇಳುತ್ತದೆ. ಕ್ಯಾಸೆಟ್ಟಿನಲ್ಲೇ ಉಳಿದುಹೋದ ಬಡ ಗಾಯಕನ ದನಿಗೆ ಅದರ ಬಳಿ ಉತ್ತರವಿಲ್ಲ. ಅಂಥ ದನಿಯನ್ನು ಹುಡುಕಿ ತರಲು ಇಂದಿಗೂ ಆಸಕ್ತ ಮನುಷ್ಯನೇ ಬೇಕು. ಆ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಹುಡುಕಿದ ಹಕ್ಕಿನಲ್ಲಿ ಹಾಡಿದವನ ಹೆಸರನ್ನು ಅಳಿಸುವ ಅಧಿಕಾರ ಸೇರಿಲ್ಲ. ಫ್ರಾಂಕ್ ವಿಲ್ಸನ್ 2012ರಲ್ಲಿ ತೀರಿಕೊಂಡರು. ಇಂದು ಯಾವುದೇ ಊರಿನಲ್ಲಿ ಆ ಹಾಡು ಕೇಳಿಸಿದಾಗ ಫೋನು ಹಿಡಿದರೆ ಮೂಡುವುದು ಅವರದೇ ಹೆಸರು. ಎಡ್ಡಿ ಫಾಸ್ಟರ್‌ಗೆ ಈಗ ಒಂದು ರಾತ್ರಿಯ ಆಯುಷ್ಯವೂ ಇಲ್ಲ.