ದಕ್ಷಿಣ ಆಫ್ರಿಕವೂ ವಿಶ್ವಸಂಸ್ಥೆಯ ನಿರ್ಣಯಗಳೂ

ಒಂದು ಸರ್ಕಾರವು ತನ್ನ ಪ್ರಜೆಗಳಿಗೆ ಎಸಗುವ ಅನ್ಯಾಯವನ್ನು ಅನ್ಯರಾಷ್ಟ್ರಗಳು ಸಭೆ ಸೇರಿ ಖಂಡಿಸಿದರೆ ಫಲವೇನು? ಸೈನ್ಯಬಲವಿಲ್ಲದ ನಿರ್ಣಯವು ಬರಿಯ ಮಾತಲ್ಲವೆ? ಈ ಪ್ರಶ್ನೆಗೆ ಉತ್ತರವನ್ನು ನಾವು ದಕ್ಷಿಣ ಆಫ್ರಿಕದ ಚರಿತ್ರೆಯಲ್ಲಿ ಅರಸಬಹುದು.

1946ರಲ್ಲಿ ಅಲ್ಲಿನ ಸರ್ಕಾರವು ಭಾರತೀಯರ ಭೂಸ್ವಾಮ್ಯವನ್ನೂ ವಾಸಸ್ಥಳವನ್ನೂ ನಿರ್ಬಂಧಿಸುವ ಶಾಸನವನ್ನು ಮಾಡಿತು. ಇನ್ನೂ ಸ್ವಾತಂತ್ರ್ಯವನ್ನು ಪಡೆಯದಿದ್ದ ಭಾರತವು ಆ ದೇಶದೊಡನೆ ವ್ಯಾಪಾರವನ್ನು ನಿಲ್ಲಿಸಿ ವಿಶ್ವಸಂಸ್ಥೆಗೆ ದೂರು ಸಲ್ಲಿಸಿತು. ಸಾಮಾನ್ಯ ಸಭೆಯಲ್ಲಿ ಭಾರತದ ನಿಯೋಗಕ್ಕೆ ವಿಜಯಲಕ್ಷ್ಮಿ ಪಂಡಿತರು ನಾಯಕಿಯಾಗಿದ್ದರು; ಎದುರು ಪಕ್ಷದಲ್ಲಿದ್ದವರು ಪ್ರಧಾನಿ ಸ್ಮಟ್ಸ್. ವಿಶ್ವಸಂಸ್ಥೆಯ ಸನ್ನದಿಗೆ ಪೀಠಿಕೆಯನ್ನು ರಚಿಸುವಲ್ಲಿ ಪ್ರಮುಖ ಪಾತ್ರ ವಹಿಸಿದವರೂ ಇದೇ ಸ್ಮಟ್ಸರೆಂಬುದು ಗಮನಾರ್ಹ. ಇದು ತಮ್ಮ ದೇಶದ ಆಂತರಿಕ ವಿಷಯ, ಸನ್ನದಿನ 2ನೆಯ ವಿಧಿಯ 7ನೆಯ ಖಂಡದಂತೆ ಇದರಲ್ಲಿ ಕೈಹಾಕಲು ಸಭೆಗೆ ಅಧಿಕಾರವಿಲ್ಲ ಎಂಬುದು ಅವರ ವಾದ. ಡಿಸೆಂಬರ್ 8ರಂದು ಸಭೆಯು ಆ ವಾದವನ್ನು ತಳ್ಳಿ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ ಬಂದ ಮತಗಳು 32, ವಿರೋಧವಾಗಿ 15, ತಟಸ್ಥರಾದವರು 7. ಮೂರನೆಯ ಎರಡರಷ್ಟು ಬಹುಮತವು ಅತ್ಯಲ್ಪ ಅಂತರದಿಂದ ಲಭಿಸಿತು.

ನಿರ್ಣಯದ ಭಾಷೆ ಸೌಮ್ಯವಾದುದು. ಉಭಯ ಸರ್ಕಾರಗಳ ಒಪ್ಪಂದಗಳಿಗೂ ಸನ್ನದಿಗೂ ಅನುಗುಣವಾಗಿ ಭಾರತೀಯರನ್ನು ನಡೆಸಿಕೊಳ್ಳಬೇಕೆಂದು ಹೇಳಿ, ಮುಂದಿನ ಅಧಿವೇಶನಕ್ಕೆ ವರದಿಯನ್ನು ಕೇಳಿತು. ಆದರೂ ಆಂತರಿಕ ವಿಷಯವೆಂಬ ಕೋಟೆಗೆ ಅಂದು ಬಿರುಕು ಬಿದ್ದಿತು. ಆ ಬಿರುಕಿನ ಮೂಲಕವೇ 1952ರಲ್ಲಿ 13 ಏಷ್ಯ-ಆಫ್ರಿಕ ರಾಷ್ಟ್ರಗಳು ಬಹುಸಂಖ್ಯಾತ ಕರಿಯರ ಪ್ರಶ್ನೆಯನ್ನು, ಅರ್ಥಾತ್ ವರ್ಣಭೇದ ನೀತಿಯನ್ನೇ, ಚರ್ಚೆಗೆ ತಂದವು.

ದಕ್ಷಿಣ ಆಫ್ರಿಕದ ಸರ್ಕಾರವು ಇದಾವುದನ್ನೂ ಲೆಕ್ಕಿಸಲಿಲ್ಲ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೋಲೀಸರ ಗುಂಡಿಗೆ 69 ಜನ ಬಲಿಯಾದರು. ಏಪ್ರಿಲ್ 1ರಂದು ಭದ್ರತಾ ಮಂಡಲಿಯು ನಿರ್ಣಯವನ್ನು ಮಾಡಿದಾಗ ಬ್ರಿಟನ್ನೂ ಫ್ರಾನ್ಸೂ ತಟಸ್ಥವಾಗಿ ಉಳಿದವು. ರಾಯಭಾರ ಮತ್ತು ವ್ಯಾಪಾರ ಸಂಬಂಧಗಳನ್ನು ಕಡಿದುಕೊಳ್ಳಬೇಕೆಂದು 1962ರಲ್ಲಿ ಸಾಮಾನ್ಯ ಸಭೆ ಕೇಳಿದರೂ ಪ್ರಬಲ ಪಾಶ್ಚಾತ್ಯ ರಾಷ್ಟ್ರಗಳು ಕಿವಿಗೊಡಲಿಲ್ಲ. ಶಸ್ತ್ರಾಸ್ತ್ರಗಳ ಮಾರಾಟಕ್ಕೆ ಎಲ್ಲರನ್ನೂ ಬಂಧಿಸುವ ನಿಷೇಧ ಬಂದದ್ದು 1977ರ ನವೆಂಬರಿನಲ್ಲಿ, ಮೊದಲ ನಿರ್ಣಯದ 31 ವರ್ಷಗಳ ತರುವಾಯ.

ವರ್ಣಭೇದದ ಆಳ್ವಿಕೆಯನ್ನು ನಿರ್ಣಯಗಳೇ ಉರುಳಿಸಿದುವೆಂದರೆ, ಆ ನೆಲದಲ್ಲಿ ಸೆರೆವಾಸವನ್ನೂ ಸಾವನ್ನೂ ಎದುರಿಸಿದ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವು ನಿಷ್ಫಲವೆನ್ನುವುದೂ ಸಲ್ಲದು. ವರ್ಷ ವರ್ಷವೂ ವ್ಯಾಜ್ಯವನ್ನು ಜೀವಂತವಾಗಿರಿಸಿ, ಅವು ಆ ಸರ್ಕಾರದ ಮಾನ್ಯತೆಯನ್ನು ಸವೆಯಿಸಿದವು. 1974ರಲ್ಲಿ ಸಾಮಾನ್ಯ ಸಭೆಯ ಕಲಾಪಗಳಿಂದ ಹೊರಗಾದ ದಕ್ಷಿಣ ಆಫ್ರಿಕವು ಅಲ್ಲಿಗೆ ಮರಳಿದ್ದು 1994ರ ಸಾರ್ವತ್ರಿಕ ಚುನಾವಣೆಯ ಬಳಿಕವೇ. ಇಂತಹ ನಿರ್ಣಯಗಳನ್ನು ಅಭ್ಯಸಿಸುವಾಗ ಅವುಗಳ ಪದಗಳನ್ನು ಮಾತ್ರವಲ್ಲದೆ, ಮತವಿತ್ತವರ ವ್ಯಾಪಾರದ ಲೆಕ್ಕಗಳನ್ನೂ ನಾವು ಜೊತೆಗಿಟ್ಟು ಓದಬೇಕು.